ಏಳನೇ ಸೀಟಿನ ಕಂಪ್ಯೂಟರ್

ನನ್ನ ಕಂಪ್ಯೂಟರಿನ ಪರದೆ ಯಾವಾಗಲೂ ಆರಿಸಿಯೇ ಇರುತ್ತದೆ. ಹುಟ್ಟಿದಾಗಿನಿಂದ ಕಣ್ಣು ಕಾಣದವಳಿಗೆ ಅದರ ಬೆಳಕು ಯಾತಕ್ಕೆ? ಪರದೆಗೆ ಬರುವುದನ್ನೆಲ್ಲ ಓದಿ ಹೇಳುವ ತಂತ್ರಾಂಶವೊಂದು ನನ್ನ ಎಡಗಿವಿಯಲ್ಲಿ ವಟಗುಟ್ಟುತ್ತದೆ, ಬಲಗಿವಿಯಲ್ಲಿ ಆಂಬುಲೆನ್ಸ್ ಬೇಕೆಂದು ಕರೆ ಮಾಡಿದವರು ಅಳುತ್ತಾರೆ, ನಡುವೆ ನಾನು ಟೈಪ್ ಮಾಡುತ್ತೇನೆ. ಕಂಟ್ರೋಲ್ ರೂಮಿನ ಏಳನೇ ಸೀಟಿನಲ್ಲಿ ಮೂರು ತಿಂಗಳಿಂದ ಹೀಗೇ ನಡೆದಿತ್ತು.

ಆ ದಿನ ನನ್ನ ಪ್ರೊಬೇಷನ್ ಅವಧಿಯ ಕೊನೆಯ ದಿನ. ಕಾನೂನಿನ ಪ್ರಕಾರ ಈ ಸೀಟು ನಮ್ಮಂಥವರಿಗೆ ಮೀಸಲು. ಆದರೆ ಈ ಕೆಲಸಕ್ಕೆ ಕಣ್ಣು ಬೇಕೇಬೇಕು ಎಂದು ಇಲಾಖೆ ಬರೆದುಕೊಟ್ಟರೆ ಮೀಸಲಾತಿಯಿಂದ ವಿನಾಯಿತಿ ಸಿಗುತ್ತದೆ, ನಾನು ಮನೆಗೆ ಹೋಗುತ್ತೇನೆ. ಅದನ್ನು ನೋಡಿ ವರದಿ ಕೊಡಲು ಮೇಲಿನ ಆಫೀಸಿನಿಂದ ಒಬ್ಬ ಸಾಹೇಬರು ಬಂದಿದ್ದರು.

"ಪಾಪ, ಎಷ್ಟು ಕಷ್ಟ ಪಡ್ತಾಳೆ," ಎಂದು ಅವರು ನಾನಲ್ಲಿ ಇಲ್ಲವೇ ಇಲ್ಲ ಎಂಬಂತೆ ನಮ್ಮ ಪಾಳಿಯ ಮೇಲ್ವಿಚಾರಕರಿಗೆ ಹೇಳಿದರು. ಪಿಂಚಣಿಗೆ ಎರಡೇ ತಿಂಗಳಿದ್ದ ಆ ಮನುಷ್ಯನನ್ನು ನಾವೆಲ್ಲ ದೊಡ್ಡಣ್ಣ ಎನ್ನುತ್ತಿದ್ದೆವು. ದೊಡ್ಡಣ್ಣ ಹ್ಞೂಂಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಕಷ್ಟ ಪಡುತ್ತಿದ್ದದ್ದು ನಾನಲ್ಲ, ಬಿಗಿಹಿಡಿದುಕೊಂಡಿದ್ದ ನನ್ನ ನಾಲಗೆ.

ಆಗಲೇ ಕರೆ ಬಂತು. ತಂತ್ರಾಂಶ ಮೊದಲು ಎಂದಿನಂತೆ ಕರೆ ಮಾಡಿದವರ ನಂಬರ್ ಓದಿತು. ಆಮೇಲೆ ಒಬ್ಬ ಹೆಂಗಸಿನ ದನಿ.

"ನಮ್ಮೆಜಮಾನ್ರು ಏಣಿ ಮೇಲಿಂದ ಬಿದ್ರು. ತಲೆಯಿಂದ ರಕ್ತ ನಿಲ್ತಾನೇ ಇಲ್ಲ."

"ಒಗೆದ ಬಟ್ಟೆ ಮಡಚಿ ಗಾಯದ ಮೇಲೆ ಒತ್ತಿ ಹಿಡೀರಿ. ಅವರನ್ನ ಅಲುಗಾಡಿಸ್ಬೇಡಿ. ಮನೆ ಎಲ್ಲಮ್ಮಾ?"

"ಬಸ್ ಡಿಪೋ ಹಿಂದೆ..."

ಸಾಹೇಬರ ತೋಳು ನನ್ನ ಭುಜಕ್ಕೆ ತಾಗಿತು. "ಏನಮ್ಮ, ಇದನ್ನ ಆನ್ ಮಾಡೇ ಇಲ್ವಲ್ಲ ನೀನು," ಎನ್ನುತ್ತ ಅವರು ಪರದೆಯ ಪಕ್ಕದಲ್ಲಿದ್ದ ಕಂಪ್ಯೂಟರ್ ಡಬ್ಬದ ಬಟನ್ ಒತ್ತಿದರು. "ಮುಟ್ಬೇಡಿ ಸಾರ್" ಎನ್ನುವಷ್ಟರಲ್ಲಿ ಅದರ ಫ್ಯಾನ್ ನಿಂತಿತು. ಎರಡೂ ಕಿವಿಗಳಲ್ಲಿ ಸದ್ದಡಗಿತು.

ಆ ಯಂತ್ರ ಮತ್ತೆ ಏಳಲು ನಾಲ್ಕು ನಿಮಿಷ ಬೇಕು. ಡಿಪೋ ಹಿಂದೆ ಹನ್ನೊಂದು ಬೀದಿಗಳಿವೆ. ಆದರೆ ನಂಬರ್ ನನ್ನ ತಲೆಯಲ್ಲಿತ್ತು. ಅಕ್ಕಪಕ್ಕದವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ನನ್ನ ಕಿವಿಗೆ ಅದು ಬೇಡವೆಂದರೂ ಬೀಳುತ್ತದೆ. ಎದ್ದು ನಡೆದೆ. ಎಂಟು ಹೆಜ್ಜೆಗೆ ದೊಡ್ಡಣ್ಣನ ಮೇಜು, ಅದರ ಮೂಲೆಯಲ್ಲಿ ಲ್ಯಾಂಡ್‌ಲೈನ್. ದಾರಿಯಲ್ಲಿ ಯಾರದೋ ಕುರ್ಚಿ ಮೊಣಕಾಲಿಗೆ ಬಡಿಯಿತು. ನಂಬರ್ ಒತ್ತಿದೆ. ಬಿಜಿ. ಉಳಿದ ಸೀಟುಗಳಲ್ಲೆಲ್ಲ ಕರೆಗಳಿದ್ದವು, ಅವಳು ನಮಗೇ ಮತ್ತೆ ಫೋನ್ ಹಚ್ಚಿ ಕಾಯುತ್ತಿರಬೇಕು. ಮತ್ತೆ ಒತ್ತಿದೆ. ಬಿಜಿ. ಮೂರನೇ ಸಲ ರಿಂಗ್ ಆಯಿತು.

"ಫೋನ್ ಯಾಕ್ರೀ ಇಟ್ರಿ?" ಅವಳು ಬೈಯುತ್ತ ಅಳುತ್ತಿದ್ದಳು.

"ತಪ್ಪಾಯ್ತಮ್ಮ. ಬೀದಿ ಯಾವುದು ಹೇಳಿ."

"ನಾಲ್ಕನೇದು. ಸೈಕಲ್ ಅಂಗಡಿ ಎದುರು."

ನಾನು ಕೂಗಿ ಹೇಳಿದೆ, ದೊಡ್ಡಣ್ಣ ಗಾಡಿ ಕಳಿಸಿದರು. ಇಪ್ಪತ್ತು ನಿಮಿಷದ ಮೇಲೆ ಡ್ರೈವರ್ ಸುದ್ದಿ ಕೊಟ್ಟ. ಆಸ್ಪತ್ರೆ ಸೇರಿದ್ದಾಯಿತು, ಗಾಯಾಳು ಮಾತಾಡುತ್ತಿದ್ದಾರೆ.

ಬಟನ್ನಿನ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಸಾಹೇಬರು ದೊಡ್ಡಣ್ಣನ ಜಾಗದಲ್ಲಿ ಕೂತು ತಾವೇ ವರದಿ ಟೈಪ್ ಮಾಡಿದರು, ಪ್ರಿಂಟ್ ತೆಗೆದರು, ನನ್ನನ್ನು ಕರೆದರು.

"ಓದ್ತೀನಿ ಕೇಳಮ್ಮ. 'ಯಂತ್ರ ನಿಂತಿದ್ದರಿಂದ ಕರೆ ತಡವಾಯಿತು. ನೌಕರರು ಸಮಯಪ್ರಜ್ಞೆ ಮೆರೆದರು.' ಅಷ್ಟೇ. ಇಲ್ಲಿ ಸೈನ್ ಹಾಕು."

ಒಂದು ಗಳಿಗೆ ಖುಷಿಯಾದದ್ದು ಸುಳ್ಳಲ್ಲ. ಆದರೆ ಎರಡು ವಾಕ್ಯಕ್ಕೆ ಅಷ್ಟು ಹೊತ್ತು ಯಾರೂ ಕೀಲಿಮಣೆ ಕುಟ್ಟುವುದಿಲ್ಲ. ಅಲ್ಲದೆ, ನೀರಿನ ಬಿಲ್ಲೇ ಇರಲಿ, ನನ್ನ ಫೋನ್ ಓದಿ ಹೇಳದ ಕಾಗದಕ್ಕೆ ನಾನು ಸೈನ್ ಹಾಕಿದವಳಲ್ಲ. ಫೋನ್ ತೆಗೆದೆ.

"ಓದಿದ್ನಲ್ಲಮ್ಮ. ನನ್ನ ಮೇಲೆ ನಂಬಿಕೆ ಇಲ್ವಾ?"

"ಅಭ್ಯಾಸ ಸಾರ್."

ಕಾಗದದ ಮೇಲೆ ಫೋನ್ ಹಿಡಿದೆ. ಇಯರ್‌ಫೋನ್ ಬ್ಯಾಗಿನಲ್ಲೇ ಉಳಿದಿತ್ತು. ಫೋನ್ ತನ್ನ ಸಪ್ಪೆ ದನಿಯಲ್ಲಿ ರೂಮಿಗೆಲ್ಲ ಕೇಳುವಂತೆ ಓದಿತು. ಯಂತ್ರ ನಿಂತಿದ್ದರಿಂದ ಕರೆ ತಡವಾಯಿತು. ನೌಕರರು ಸಮಯಪ್ರಜ್ಞೆ ಮೆರೆದರು. ದೃಷ್ಟಿದೋಷದ ಕಾರಣ ಏಳನೇ ಸೀಟಿನ ನೌಕರರೇ ಕೈತಪ್ಪಿ ಯಂತ್ರವನ್ನು ಆರಿಸಿದ್ದು ಕಂಡುಬಂದಿದೆ. ಈ ಹುದ್ದೆಗೆ ಮೀಸಲಾತಿಯಿಂದ ವಿನಾಯಿತಿ ನೀಡಬಹುದು.

ನಾನು ದೊಡ್ಡಣ್ಣನ ಕಡೆ ಮುಖ ತಿರುಗಿಸಿದೆ. ಬಟನ್ ಒತ್ತಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅವರ ಪಿಂಚಣಿ ಕಡತ ಇದೇ ಸಾಹೇಬರ ಮೇಜಿನ ಮೇಲಿದೆ ಎಂಬುದೂ ನನಗೆ ಗೊತ್ತಿತ್ತು. ನಾನು ಏನೂ ಕೇಳಲಿಲ್ಲ. ಬೇಡಿ ಹೇಳಿಸಿದ ಸತ್ಯ ನನಗೆ ಬೇಡವಾಗಿತ್ತು.

ದೊಡ್ಡಣ್ಣ ಎರಡು ಸಲ ಕೆಮ್ಮಿದರು.

"ಸಾರ್, ಬಟನ್ ಒತ್ತಿದ್ದು ನೀವು," ಎಂದರು. "ನಾನು ಪಕ್ಕದಲ್ಲೇ ನಿಂತಿದ್ದೆ. ಅದನ್ನ ಬರೀರಿ, ಸೈನ್ ನಾನು ಹಾಕ್ತೀನಿ."