ಐದನೇ ಮಹಡಿಗೆ ನಕ್ಕವರು

ಟೈಟಲ್ ಅಕ್ಕನಿಗೆ ಪೂರ್ತಿ ಸಿನಿಮಾ ನೋಡುವ ಅಭ್ಯಾಸವೇ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವಳ ಕೆಲಸ ಸಿನಿಮಾ, ಧಾರಾವಾಹಿಗಳಿಗೆ ಆರಂಭ ಕಟ್ಟಿಕೊಡುವುದು. ಹೆಸರುಗಳು ಬಂದು ಹೋಗುವಷ್ಟು ಹೊತ್ತು ತೆರೆಯ ಮೇಲೆ ಏನು ಕಾಣಬೇಕು, ಕಿವಿಗೆ ಏನು ಬೀಳಬೇಕು ಎಂದು ಅಳೆದು ಸುರಿದು ಕತ್ತರಿಸಿ ಜೋಡಿಸುವುದು. ಹೊಸ ಸಿನಿಮಾ ಬಿಡುಗಡೆಯಾದ ದಿನ ಚಿತ್ರಮಂದಿರದ ಹಿಂದಿನ ಗೋಡೆಗೆ ಒರಗಿ ನಿಂತು, ತನ್ನ ಭಾಗ ಮುಗಿಯುವವರೆಗೆ ತೆರೆಯ ಬದಲು ಜನರ ಬೆನ್ನು ನೋಡುತ್ತಿದ್ದಳು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರೆ ನಗಲು ತಯಾರಾದರು ಎಂದು ಲೆಕ್ಕ, ಮುಂದಕ್ಕೆ ಬಗ್ಗಿದರೆ ಹೆದರಲು. ಅಷ್ಟು ಕಂಡದ್ದೇ ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯುತ್ತಿದ್ದಳು. ಆಮೇಲೆ ನಾಯಕ ಸತ್ತನೋ ಬದುಕಿದನೋ, ಅದು ಬೇರೆಯವರ ತಲೆನೋವು.

ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಬಾಯಿಯೂ ಅಷ್ಟೇ ಚುರುಕು. ಕಲಿಯಲು ಬಂದವರಿಗೆ ಮೊದಲ ದಿನ ಒಂದು ತುಣುಕು ತೋರಿಸುತ್ತಿದ್ದಳು. ಒಬ್ಬ ಹೆಂಗಸು ಕೈಯಲ್ಲಿ ಚಾಕು ಹಿಡಿದು ಮೆಟ್ಟಿಲು ಹತ್ತಿ ಬರುತ್ತಾಳೆ. ಹಿಂದೆ ಕೊಳಲು ನುಡಿಸಿದರೆ ಅವಳು ಮಗುವಿಗೆ ಹಣ್ಣು ಹೆಚ್ಚಿಕೊಡಲು ಬಂದ ತಾಯಿ. ಕೊಳಲು ತೆಗೆದು ಬರೀ ಗಡಿಯಾರದ ಟಿಕ್ ಟಿಕ್ ಇಟ್ಟರೆ ಆ ಮನೆಯಲ್ಲಿ ಹೆಣ ಬೀಳುವುದು ಗ್ಯಾರಂಟಿ. "ಹೆಂಗಸು ಅದೇ, ಚಾಕೂ ಅದೇ. ಬದಲಾಗಿದ್ದು ನೀವು" ಎಂದು ಕಲಿಯುವವರ ಮುಖ ನೋಡಿ ನಗುತ್ತಿದ್ದಳು. ಇಷ್ಟೆಲ್ಲ ತಿಳಿದವಳು ಸ್ವಂತ ಮನೆಯ ವಿಷಯದಲ್ಲಿ ಹೇಗೆ ಮುಗ್ಗರಿಸಿದಳು ಎಂದು ಕೇಳಿದರೆ, ಅದನ್ನೇ ಹೇಳಲು ಹೊರಟಿದ್ದೇನೆ.

ಅವಳಿಗೊಬ್ಬ ತಮ್ಮ. ಏಳು ವರ್ಷ ತೇಯ್ದು ಅವನು ಒಂದೇ ಒಂದು ಸಿನಿಮಾ ಮಾಡಿದ್ದ. ಅದು ಅವರ ಅಪ್ಪನ ಕತೆ.

ಅಪ್ಪ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವರು. ಒಳಗೆ ಬಂದವರ ಮುಖ ನೋಡಿದರೆ ಸಾಕು, ಕೇಳದೆಯೇ ಗುಂಡಿ ಒತ್ತುತ್ತಿದ್ದರು. ಎರಡನೆಯ ಮಹಡಿ ಹೆರಿಗೆಯದು, ನಾಲ್ಕನೆಯದು ಮೂಳೆ ಮುರಿದವರದು, ಐದನೆಯದು ಡಾಕ್ಟರು ಕೈ ಚೆಲ್ಲಿದವರದು. ಎರಡಕ್ಕೆ ಹೋಗುವವರ ಜೊತೆ ಊರ ಹರಟೆಯೆಲ್ಲ ಹೊಡೆಯುತ್ತಿದ್ದ ಮನುಷ್ಯ ಐದಕ್ಕೆ ಹೋಗುವವರು ಹತ್ತಿದರೆ ಮಾತು ನಿಲ್ಲಿಸಿ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಅಮ್ಮನನ್ನೂ ಅವರೇ ಐದಕ್ಕೆ ಕರೆದುಕೊಂಡು ಹೋದರು.

ನಿವೃತ್ತಿಯಾದ ಮೇಲೆ ಅಪ್ಪನಿಗೆ ಮರೆವು ಹಿಡಿಯಿತು. ಮೊದಲು ಬೀಗದ ಕೈ ಮರೆತರು, ಆಮೇಲೆ ಬೀದಿ, ಆಮೇಲೆ ಮಕ್ಕಳು. ಮಕ್ಕಳಿಬ್ಬರೂ ಮದುವೆ ಗೊಡವೆಗೆ ಹೋಗದೆ ಅದೇ ಮನೆಯಲ್ಲಿ ಸರದಿಯ ಮೇಲೆ ಅವರನ್ನು ನೋಡಿಕೊಳ್ಳುತ್ತಿದ್ದರು. "ಅಪ್ಪ ಎಂಥವರಾಗಿದ್ರು ಅನ್ನೋದು ಈಗ ಅಪ್ಪನಿಗೇ ಗೊತ್ತಿಲ್ಲ. ನಾವಿಬ್ಬರೂ ಹೋದ್ಮೇಲೆ ಯಾರಿಗೂ ಗೊತ್ತಿರಲ್ಲ. ಎಲ್ಲಾದ್ರೂ ಒಂದು ಕಡೆ ಉಳೀಬೇಕಲ್ವೇನಕ್ಕ" ಎನ್ನುತ್ತಿದ್ದ ತಮ್ಮ. ಅವನು ಸಿನಿಮಾ ಮಾಡಿದ್ದು ಅಷ್ಟಕ್ಕೇ, ಹೆಸರಿಗಲ್ಲ.

ಆ ಸಿನಿಮಾದ ಜೀವ ಒಂದೇ ದೃಶ್ಯದಲ್ಲಿತ್ತು. ಮರೆವಿನ ಮುದುಕ ಬಟ್ಟೆಯ ಬೀರುವಿನೊಳಗೆ ಹೊಕ್ಕು, ತೂಗುಹಾಕಿದ ಅಂಗಿಗಳ ನಡುವೆ ನೆಟ್ಟಗೆ ನಿಂತಿರುತ್ತಾನೆ. ಬೆಳಗಿನಿಂದ ಅವನನ್ನು ಗದರಿ ಗದರಿ ಸುಸ್ತಾದ ಮಗಳು ಬಂದು ಬಾಗಿಲು ತೆಗೆಯುತ್ತಾಳೆ. "ಯಾವ ಮಹಡಿ?" ಎಂದು ಕೇಳುತ್ತಾನೆ. ಮಗಳು ತಾನೂ ಬೀರುವಿನೊಳಗೆ ಹತ್ತಿ ಅವನ ಪಕ್ಕದಲ್ಲಿ ನಿಂತು "ಐದು" ಅನ್ನುತ್ತಾಳೆ. ಮುದುಕ ಮಾತಾಡುವುದಿಲ್ಲ. ತಲೆಯ ಮೇಲೆ ಇಲ್ಲದ ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಇದು ಆ ಮನೆಯಲ್ಲಿ ನಡೆದದ್ದೇ, ಬೀರುವಿನೊಳಗೆ ಹತ್ತಿದವಳು ಟೈಟಲ್ ಅಕ್ಕನೇ. ಸಂಕಲನದ ಕೋಣೆಯಲ್ಲಿ ಅದನ್ನು ಮೊದಲ ಸಲ ನೋಡಿದಾಗ ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಿದ್ದಳು.

ಸಿನಿಮಾವನ್ನು ಚಿತ್ರಮಂದಿರಗಳಿಗೆ ಹಂಚುವವರು ಒಬ್ಬರು ಬಂದು ನೋಡಿದರು. ಒಳ್ಳೆಯ ಮನುಷ್ಯರೇ. ಕೊನೆಗೆ ಕನ್ನಡಕ ಒರೆಸಿಕೊಂಡು ಹೇಳಿದರು: "ಸಿನಿಮಾ ಚೆನ್ನಾಗಿದೆ. ಆದ್ರೆ ನಿಮ್ಮ ಆರಂಭ ಇದೆಯಲ್ಲ, ನಾಲ್ಕು ನಿಮಿಷ ಜನರನ್ನ ಒಂದು ಲಿಫ್ಟಿನೊಳಗೆ ಕೂಡಿಹಾಕಿದ್ದೀರಿ. ಹಾಡಿಲ್ಲ, ಮಾತಿಲ್ಲ. ಐದನೇ ನಿಮಿಷಕ್ಕೆ ಎಲ್ರೂ ಬಾಗಿಲು ಹುಡುಕ್ತಾರೆ. ಆರಂಭ ಬದಲಾಯಿಸಿ, ಹನ್ನೊಂದು ಕಡೆ ಹಾಕಿಸ್ತೀನಿ. ಇಲ್ಲಾಂದ್ರೆ ಮನೇಲೇ ಹಾಕ್ಕೊಂಡು ನೋಡಿ."

ತಮ್ಮನ ಮುಖ ಇಳಿದುಹೋಯಿತು. ಆ ನಾಲ್ಕು ನಿಮಿಷದಲ್ಲಿ ಲಿಫ್ಟಿನ ಜಾಲರಿ ಬಾಗಿಲು ಎಳೆಯುವ ಒಂದು ಕೈ, ಬಂದು ಹೋಗುವ ಮುಖಗಳು, ಮೋಟರಿನ ಗುಂಯ್ ಎನ್ನುವ ಸದ್ದು, ಮೂಲೆಯಲ್ಲಿ ಸಣ್ಣದಾಗಿ ಹೆಸರುಗಳು, ಅಷ್ಟೇ ಇದ್ದದ್ದು. ಹೊರಗೆ ಬಂದ ಮೇಲೆ ಅಕ್ಕ ಅವನ ಭುಜ ತಟ್ಟಿದಳು.

"ಅದಕ್ಯಾಕೆ ಅಷ್ಟು ಸಪ್ಪೆ ಮೋರೆ ಹಾಕ್ಕೋತೀಯ? ಮನೆಯೊಳಗಿನದ್ದು ಹಾಗೇ ಇರುತ್ತೆ ಕಣೋ, ಬಾಗಿಲಿಗೆ ಸ್ವಲ್ಪ ಬಣ್ಣ ಹೊಡೀತೀವಿ. ನಗ್ತಾ ಒಳಗೆ ಬರಲಿ. ಬಂದೋರನ್ನ ಅಳಿಸೋಕೆ ನಿನ್ನ ಬೀರುವಿನ ಸೀನ್ ಇದ್ದೇ ಇದೆ."

"ನಗ್ತಾ ಬಂದೋರು ನಗೋದು ನಿಲ್ಲಿಸ್ತಾರಾ ಅಕ್ಕ?"

"ನಿಲ್ಲಿಸ್ದೆ ಏನು? ನಕ್ಕೋರಿಗೇ ಅಳು ಜಾಸ್ತಿ ತಟ್ಟೋದು. ಹತ್ತೊಂಬತ್ತು ವರ್ಷದಿಂದ ಇದೇ ಮಾಡ್ಕೊಂಡು ಬಂದಿದೀನಿ, ಯಾರಿಗೆ ಹೇಳ್ತಿದೀಯ?"

ತಮ್ಮ ಸ್ವಲ್ಪ ದೂರ ನಡೆದು ನಿಂತ. "ನಿನ್ನ ಕೈಲಿ ಕೊಡ್ತಿದೀನಿ. ಅಪ್ಪನ್ನ ಹುಷಾರಾಗಿ ನೋಡ್ಕೋ" ಎಂದ. ಅವನು ಅವಳ ಮಾತು ಮೀರಿದವನಲ್ಲ. ಅಮ್ಮ ಹೋದಾಗ ಹದಿಮೂರರ ಪೋರನಾಗಿದ್ದವನನ್ನು ಸಾಕಿದ್ದು ಅವಳೇ.

ಒಂಬತ್ತು ದಿನ ಕೂತು ಅವಳು ತೊಂಬತ್ತು ಸೆಕೆಂಡಿನ ಹೊಸ ಆರಂಭ ಕಟ್ಟಿದಳು. ಮುದುಕ ಎರಡು ಕಾಲಿಗೆ ಎರಡು ಬಗೆಯ ಚಪ್ಪಲಿ ಹಾಕುವುದು, ಹಲ್ಲುಜ್ಜುವ ಬ್ರಷ್ಷಿನಿಂದ ತಲೆ ಬಾಚುವುದು, ಕನ್ನಡಿಯಲ್ಲಿರುವವನಿಗೆ ಕೈ ಮುಗಿದು ದಾರಿ ಬಿಡುವುದು. ಎಲ್ಲ ತಮ್ಮನೇ ತೆಗೆದ ಚಿತ್ರಗಳು, ಒಂದನ್ನೂ ಹೊಸದಾಗಿ ಸೇರಿಸಲಿಲ್ಲ. ಬೇರೆ ಬೇರೆ ಕಡೆ ಚದುರಿದ್ದವನ್ನು ಒಟ್ಟಿಗೆ ತಂದು, ಪ್ರತಿಯೊಂದನ್ನೂ ಅರ್ಧ ಸೆಕೆಂಡು ಮೊದಲೇ ಕತ್ತರಿಸಿದಳು. ದುಃಖಕ್ಕೂ ನಗುವಿಗೂ ಇರುವ ಅಂತರ ಆ ಅರ್ಧ ಸೆಕೆಂಡೇ ಎಂದು ಅವಳಿಗೆ ಗೊತ್ತಿತ್ತು. ಹಿಂದೆ ಎಡವುತ್ತ ಓಡುವಂಥ ಒಂದು ಕ್ಲಾರಿನೆಟ್ ಇಟ್ಟಳು, ಅಕ್ಷರಗಳು ಒಂದರ ಮೇಲೊಂದು ಬಿದ್ದು ಏಳುವಂತೆ ಮಾಡಿದಳು. ಮುಗಿದಾಗ ಅವಳಿಗೆ ನಿಜವಾಗಿಯೂ ಹೆಮ್ಮೆಯಾಯಿತು. ತನ್ನ ಕೈಯಿಂದ ಇಷ್ಟು ಚೊಕ್ಕ ಕೆಲಸ ಹಿಂದೆ ಬಂದಿರಲಿಲ್ಲ ಎಂದುಕೊಂಡಳು.

ಬಿಡುಗಡೆಯ ದಿನ ಮಧ್ಯಾಹ್ನದ ಆಟಕ್ಕೆ ಅಪ್ಪನನ್ನೂ ಕರೆದುಕೊಂಡು ಹೋದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಪ್ಪ ಮಕ್ಕಳಿಬ್ಬರ ನಡುವೆ ಕೂತರು. ದೀಪ ಆರಿತು, ಕ್ಲಾರಿನೆಟ್ ಶುರುವಾಯಿತು, ಹತ್ತನೆಯ ಸೆಕೆಂಡಿಗೆ ಇಡೀ ಸಭಾಂಗಣ ಕುರ್ಚಿಗಳಲ್ಲಿ ಹಿಂದಕ್ಕೆ ಒರಗಿತು. ಕನ್ನಡಿಯ ಚಿತ್ರಕ್ಕೆ ಶಿಳ್ಳೆ ಬಿತ್ತು. ಆರಂಭ ಮುಗಿಯಿತು. ಅವಳ ಕಾಲು ಅಭ್ಯಾಸಬಲದಿಂದ ಏಳಲು ಹೊರಟಿತು, ಆದರೆ ಅಪ್ಪ ಅವಳ ಮೊಣಕೈ ಹಿಡಿದುಕೊಂಡಿದ್ದರು. ಹೀಗೆ ಟೈಟಲ್ ಅಕ್ಕ ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ತಾನು ಕಟ್ಟಿದ ಆರಂಭ ಮುಂದೆ ಏನು ಮಾಡುತ್ತದೆ ಎಂದು ಕೂತು ನೋಡಬೇಕಾಯಿತು.

ಮುದುಕ ತನ್ನದೇ ಬೀದಿಯಲ್ಲಿ ದಾರಿ ತಪ್ಪಿದ. ಜನ ನಕ್ಕರು. ಪರವಾಗಿಲ್ಲ, ಇನ್ನೂ ಶುರುವಷ್ಟೇ ಎಂದುಕೊಂಡಳು. ಮುದುಕ ಮಗನನ್ನು "ನೀವು ಯಾರ ಕಡೆಯವರು?" ಎಂದು ಕೇಳಿದ. ಜನ ಮತ್ತೂ ಜೋರಾಗಿ ನಕ್ಕರು, ಯಾರೋ ಆ ಮಾತನ್ನು ಹಿಂದಿನಿಂದ ಅಣಕಿಸಿದರು. ಪ್ರತಿ ದೃಶ್ಯದಲ್ಲೂ ಜನ ಅವಳು ಹೇಳಿಕೊಟ್ಟ ಜಾಗದಲ್ಲೇ, ಅರ್ಧ ಸೆಕೆಂಡು ಮೊದಲೇ ನಗುತ್ತಿದ್ದರು. ಆಮೇಲಿನ ಅರ್ಧ ಸೆಕೆಂಡು ನಗುವಿನ ಅಡಿಯಲ್ಲಿ ಹೂತುಹೋಗುತ್ತಿತ್ತು. ಬೀರುವಿನ ದೃಶ್ಯ ಬರಲಿ, ಎಲ್ಲ ಸರಿಹೋಗುತ್ತದೆ ಎಂದು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು.

ಬೀರು ಬಂತು. ಮಗಳು ಬಾಗಿಲು ತೆಗೆದಳು. ಅಂಗಿಗಳ ನಡುವೆ ನಿಂತ ಮುದುಕನನ್ನು ಕಂಡದ್ದೇ ತಡ, ಜನ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಯಾವ ಮಹಡಿ?" ಎಂಬ ಮಾತು ಯಾರಿಗೂ ಸರಿಯಾಗಿ ಕೇಳಿಸಲೇ ಇಲ್ಲ. ಮಗಳು ಒಳಗೆ ಹತ್ತಿದಾಗ ಚಪ್ಪಾಳೆ, ಅವಳು "ಐದು" ಅಂದಾಗ ಮುಂದಿನ ಸಾಲಿನವನೊಬ್ಬ "ನಂದು ಎಂಟು" ಎಂದು ಕೂಗಿದ. ಮುದುಕ ಇಲ್ಲದ ಟೋಪಿ ತೆಗೆದದ್ದನ್ನು ಕಣ್ಣೀರು ಒರೆಸಿಕೊಳ್ಳುತ್ತಲೇ ನೋಡಿದರು, ನಕ್ಕು ನಕ್ಕು ಬಂದ ಕಣ್ಣೀರು.

ಅವಳು ತಮ್ಮನ ಕಡೆ ತಿರುಗುವ ಧೈರ್ಯ ಮಾಡಲಿಲ್ಲ. ನಡುವೆ ಕೂತಿದ್ದ ಅಪ್ಪನ ಮೈ ಕುಲುಕುತ್ತಿತ್ತು. ಅಳುತ್ತಿದ್ದಾರೆ, ಏನೋ ನೆನಪಾಗಿದೆ ಎಂದು ಒಂದು ಕ್ಷಣ ಆಸೆಪಟ್ಟಳು. ಬಗ್ಗಿ ನೋಡಿದರೆ ಅಪ್ಪ ಎಲ್ಲರ ಜೊತೆ ಸೇರಿ ನಗುತ್ತಿದ್ದರು. ಅವಳ ಕಿವಿಯ ಹತ್ತಿರ ಬಂದು, "ಯಾರಮ್ಮ ಇವನು, ಭಾರೀ ತಮಾಷೆ ಮನುಷ್ಯ" ಅಂದರು.

ಸಿನಿಮಾ ಓಡಿತು. ಓಡದೆ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಹನ್ನೊಂದು ಚಿತ್ರಮಂದಿರ ಇಪ್ಪತ್ತಾಯಿತು, ಮಕ್ಕಳು ಬೀದಿಯಲ್ಲಿ "ಯಾವ ಮಹಡಿ" ಎಂದು ಆಟ ಆಡತೊಡಗಿದರು, ಎರಡು ಬಗೆಯ ಚಪ್ಪಲಿ ಹಾಕಿ ಕಣ್ಣು ಮಿಟುಕಿಸುವ ಮುದುಕನ ಪೋಸ್ಟರು ಬಸ್ಸುಗಳ ಬೆನ್ನಿಗೂ ಅಂಟಿತು. ಟೈಟಲ್ ಅಕ್ಕ ಹಂಚುವವರ ಬಳಿ ಹೋಗಿ ಕೈ ಮುಗಿದು ಕೇಳಿದಳು, ಹಳೆಯ ನಾಲ್ಕು ನಿಮಿಷವನ್ನು ಮತ್ತೆ ಹಾಕಿ ಎಂದು. ಅವರು ಇಲ್ಲವೆನ್ನಲಿಲ್ಲ, ಒಂದು ಚಿತ್ರಮಂದಿರದಲ್ಲಿ ಹಾಕಿಸಿದರು. ಅಕ್ಕ ತಮ್ಮ ಇಬ್ಬರೂ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತರು. ಕತ್ತಲಲ್ಲಿ ಜಾಲರಿ ಬಾಗಿಲು ಎಳೆಯುವ ಕೈ ಕಾಣಿಸಿತು, ಅಷ್ಟಕ್ಕೇ ಜನ ಕಿಸಕ್ಕೆಂದರು. ಕೇಳಿ ಬಂದವರು, ನೋಡಿದವರನ್ನು ಕಂಡು ಬಂದವರು, ನಗಬೇಕೆಂದೇ ಮನೆಯಿಂದ ಹೊರಟವರು. ಐದನೆಯ ಮಹಡಿಯ ಮುಖಗಳು ಒಂದೊಂದಾಗಿ ತೆರೆಯ ಮೇಲೆ ಹಾದುಹೋದವು, ಪ್ರತಿ ಮುಖಕ್ಕೂ ನಕ್ಕರು.

"ಇನ್ನು ಯಾವ ಆರಂಭ ಹಾಕಿದ್ರೂ ಅಷ್ಟೇ" ಎಂದ ತಮ್ಮ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಮನೆಗೆ ಹೋಗೋಣ ಬಾ, ಅಪ್ಪನ ಊಟದ ಹೊತ್ತಾಯ್ತು."

ಪಕ್ಕದ ಮನೆಯವರ ಕೈಯಿಂದ ಅಪ್ಪನನ್ನು ವಹಿಸಿಕೊಂಡು ಮೂವರೂ ಊಟಕ್ಕೆ ಕೂತರು. ಅಪ್ಪ ಚೆನ್ನಾಗಿ ಊಟ ಮಾಡಿದರು. ಕೈ ತೊಳೆದು ಬಂದು, ಕುರ್ಚಿಯ ಬೆನ್ನು ಹಿಡಿದು ನಿಂತು, ನೆಂಟರ ಮನೆಯಲ್ಲಿ ಮಾತಾಡುವ ಹಾಗೆ ಬಹಳ ಮರ್ಯಾದೆಯಿಂದ ಹೇಳಿದರು: "ಊಟ ತುಂಬಾ ಚೆನ್ನಾಗಿತ್ತು ತಾಯಿ. ಈ ಮನೆಯೋರು ಎಲ್ಲಿ, ಒಂದು ಮಾತು ಹೇಳಿ ಹೊರಡ್ತೀನಿ. ನಮ್ಮ ಮನೇಲಿ ಕಾಯ್ತಾ ಇರ್ತಾಳೆ."

ಟೈಟಲ್ ಅಕ್ಕ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ. ಕಾಯುತ್ತಿರುವವಳು ಯಾರು ಎಂದು ಮನಸ್ಸಿಗೆ ತಾಕುವ ಮೊದಲೇ, ಅರ್ಧ ಸೆಕೆಂಡು ಮುಂಚೆ, ಅದು ಬಾಯಿಂದ ಹೊರಬಿದ್ದಿತ್ತು. ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಆದರೆ ಅಪ್ಪನ ಮುಖ ಅರಳಿತ್ತು. ಮೂರು ವರ್ಷಗಳಿಂದ ಗೋಡೆಯನ್ನು ನೋಡುವಂತೆ ಅವಳನ್ನು ನೋಡುತ್ತಿದ್ದವರು ಈಗ ಅವಳನ್ನೇ ನೋಡುತ್ತಿದ್ದರು, ಪರಿಚಯದವರನ್ನು ಕಂಡಷ್ಟು ಖುಷಿಯಿಂದ. ಅದೇ ಮಾತನ್ನು ಮತ್ತೊಮ್ಮೆ ಹೇಳಿದರು, ಈ ಸಲ ಕೈ ಮುಗಿದು, ಸ್ವಲ್ಪ ಬಗ್ಗಿ. ತಮ್ಮ ಅರ್ಧ ಬಿಟ್ಟ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದ. ಯಾರೂ ನಗದಿದ್ದುದನ್ನು ಕಂಡು ಅಪ್ಪನ ಮುಖ ಬಾಡುತ್ತ ಬಂತು, ಏನೋ ತಪ್ಪು ಮಾಡಿದವರ ಹಾಗೆ ಕುರ್ಚಿಯ ಬೆನ್ನು ಸವರಿದರು. ಆಮೇಲೆ ಅವಳ ಮುಖವನ್ನೇ ನೋಡುತ್ತ, ಮೆಲ್ಲಗೆ, ಮೂರನೆಯ ಸಲ ಕೇಳಿದರು: "ನಮ್ಮ ಮನೇಲಿ ಕಾಯ್ತಾ ಇರ್ತಾಳೆ. ಹೊರಡ್ಲಾ ತಾಯಿ?"

ಅವಳು ನಕ್ಕಳು.