ಅಪ್ಪುಗೆಯನ್ನು ನಂಬದ ಹಿರಿಯರು

ಮಾವನವರ ಕಂದು ಕೋಟಿಗೆ ನಾಲ್ಕು ಜೇಬುಗಳಿದ್ದವು. ನಾಲ್ಕರ ಬಾಯಿಯನ್ನೂ ಅವರೇ ಸೂಜಿ ಹಿಡಿದು ಹೊಲಿದು ಮುಚ್ಚಿದ್ದರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಅಂಗಡಿಯಿಂದ ಅಂಗಡಿಗೆ ಸುತ್ತುತ್ತಿದ್ದ ಕಾಲದಲ್ಲಿ, ತಾವು ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟು ಬಾಗಿರುವಾಗ ಹಿಂದಿನಿಂದ ಯಾರಾದರೂ ಜೇಬಿಗೆ ಏನನ್ನಾದರೂ ಜಾರಿಸಿಬಿಟ್ಟಾರೆಂಬ ಅಂಜಿಕೆಯಿಂದ ಹಾಕಿದ ಹೊಲಿಗೆ ಅದು. ನಿವೃತ್ತರಾದ ಮೇಲೂ ಅದನ್ನು ಬಿಚ್ಚಲಿಲ್ಲ. ಹೀಗಾಗಿ ಕನ್ನಡಕ ಕೊರಳ ದಾರದಲ್ಲಿ, ಕರವಸ್ತ್ರ ತೋಳಿನ ಮಡಿಕೆಯಲ್ಲಿ, ಬೈಬಲ್ಲು ಕಂಕುಳಲ್ಲಿ, ಮನೆಯ ಬೀಗದ ಕೈ ಬಿಗಿ ಮುಷ್ಟಿಯಲ್ಲಿ. ಜೀವಮಾನವೆಲ್ಲ ಕಬ್ಬಿಣದ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಎಡಗೈಯಲ್ಲೇ ಹೊತ್ತದ್ದರಿಂದ ದೇಹ ಎಡಕ್ಕೆ ವಾಲಿತ್ತು. ದೂರದಿಂದ ಬರುವಾಗ ಒಂದು ತಟ್ಟೆಗೆ ಭಾರ ಬಿದ್ದ ತಕ್ಕಡಿಯೇ ಎದ್ದು ನಡೆದು ಬಂದಂತೆ ಕಾಣುತ್ತಿತ್ತು. ಅವರು ಹಿರಿಯರಾಗಿದ್ದ ಕ್ರೈಸ್ತ ಸಭೆಯವರು ಅವರನ್ನು ಬೆನ್ನ ಹಿಂದೆ ‘ತಕ್ಕಡಿ ಹಿರಿಯರು’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಯಾರು ಯಾರು ಅನ್ನುತ್ತಿದ್ದರೆಂಬುದೂ ಗೊತ್ತಿತ್ತು.

ಅವರ ಬಾಯಲ್ಲಿ ಸದಾ ನಿಂತಿದ್ದ ಮಾತು ‘ಇರಬಹುದು.’ ಇವತ್ತು ಬಿಸಿಲು ಜಾಸ್ತಿ ಎಂದರೆ ‘ಇರಬಹುದು’; ಆಲಯದಲ್ಲಿ ಕೇಳಿದ ಪ್ರಸಂಗ ಚೆನ್ನಾಗಿತ್ತು ಎಂದರೆ ‘ಇರಬಹುದು’; ಮಗಳ ಮದುವೆಯಲ್ಲಿ ಯಾರೋ ಕೈಕುಲುಕಿ, ಈ ಸಂಬಂಧ ದೇವರೇ ಕೂಡಿಸಿದ್ದು ಎಂದಾಗಲೂ, ವರನ ಮುಖವನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ ಅದೇ ಮಾತು ಹೇಳಿದ್ದರು.

ಆ ವರನೇ ಈಗ ಅವರ ಸಭೆಯ ಪಾಲಕ, ಎಂದರೆ ಪಾದ್ರಿ. ಮಾವನವರ ಸಂಶಯದ ರುಚಿ ಅವನಷ್ಟು ಕಂಡವರು ಬೇರೊಬ್ಬರಿಲ್ಲ. ಅವನಿನ್ನೂ ಬೇರೆ ಊರಿನ ಸಣ್ಣ ಸಭೆಯೊಂದರಲ್ಲಿ ಪ್ರಸಂಗ ಮಾಡುತ್ತಿದ್ದಾಗ, ಹೆಣ್ಣು ಕೇಳಿದ ಮರುವಾರವೇ ಕೊನೆಯ ಬೆಂಚಿನ ಕಂಬದ ಮರೆಯಲ್ಲಿ ಕಂದು ಕೋಟೊಂದು ಕಾಣಿಸಿಕೊಂಡಿತು. ಎಷ್ಟೋ ಭಾನುವಾರ ಬಂದು, ಕೇಳಿ, ಆಶೀರ್ವಾದಕ್ಕೆ ಮುಂಚೆ ಎದ್ದು ಹೋಯಿತು. ಇವನು ಬಾಡಿಗೆಗಿದ್ದ ಮನೆಯ ಯಜಮಾನಿಯನ್ನು ಆ ಕೋಟು ಕೇಳಿದ್ದು ಒಂದೇ ಪ್ರಶ್ನೆ: “ಯಾರೂ ನೋಡ್ತಿಲ್ಲ ಅಂದಾಗ ಹುಡುಗ ಗೇಟು ಹೇಗೆ ಮುಚ್ತಾನೆ?” ಮೆಲ್ಲಗೆ ಮುಚ್ಚುತ್ತಾನೆಂದು ಆಕೆ ಹೇಳಿದ್ದರಿಂದ ಮದುವೆಯಾಯಿತು. ಅಂದಿನಿಂದ ಅಳಿಯ ಯಾವ ಗೇಟನ್ನೂ ನೆಮ್ಮದಿಯಿಂದ ಮುಚ್ಚಿದವನಲ್ಲ.

ಇಂಥ ಮನುಷ್ಯನನ್ನು ಹೊರದೇಶದ ಸಭೆಗಳೊಡನೆ ಸಂಬಂಧ ಬೆಳೆಸುವ ಸಮಿತಿಗೆ ಅಧ್ಯಕ್ಷರನ್ನಾಗಿ ಆರಿಸಿದವರ ಬುದ್ಧಿಯನ್ನು ಏನೆನ್ನಬೇಕು? ಬೆಕ್ಕನ್ನು ಹಾಲಿನ ಕಾವಲಿಗೆ ಇಟ್ಟಂತಲ್ಲ, ನಾಯಿಯನ್ನು ಅತಿಥಿಸತ್ಕಾರಕ್ಕೆ ಇಟ್ಟಂತೆ. ಅವರದು ಸುಧಾರಿತ ಸಭೆಗಳ ಒಂದು ಚಿಕ್ಕ ಒಕ್ಕೂಟ. ಕಡಲಾಚೆಯ ದೇಶವೊಂದರಲ್ಲಿ ಅದೇ ವಿಶ್ವಾಸಪ್ರಮಾಣವನ್ನು ಒಪ್ಪಿದ ಇನ್ನೊಂದು ಒಕ್ಕೂಟವಿತ್ತು. ನಾವು ಸೋದರ ಸಭೆಗಳಾಗೋಣ, ನಮ್ಮವರು ನಿಮ್ಮಲ್ಲಿಗೆ ಬಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಸೇರಿಸಿಕೊಳ್ಳಿ, ನಿಮ್ಮ ಪಾಲಕರು ನಮ್ಮ ಪೀಠದಲ್ಲಿ ಪ್ರಸಂಗಿಸಲಿ, ಒಬ್ಬರ ತಪ್ಪನ್ನು ಒಬ್ಬರು ತಿದ್ದೋಣ ಎಂದು ಅವರು ಕೇಳಿಕೊಂಡಿದ್ದರು. ಹೋಗಿ ನೋಡಿ ಬಂದು ಮಾವನವರು ಏನು ಹೇಳುತ್ತಾರೋ ಅದರ ಮೇಲೆ ಸಿನೋಡಿನ, ಎಂದರೆ ಒಕ್ಕೂಟದ ಮಹಾಸಭೆಯ, ತೀರ್ಮಾನ. ಜೊತೆಗೆ ಕಾರ್ಯದರ್ಶಿಯಾಗಿ ಅಳಿಯ.

ಬಂದಿಳಿದ ನಿಲ್ದಾಣದಲ್ಲೇ ಆ ಒಕ್ಕೂಟದ ಅಧ್ಯಕ್ಷರು ಎರಡೂ ತೋಳು ಚಾಚಿ ಓಡಿ ಬಂದು ಮಾವನವರನ್ನು ಅಪ್ಪಿಕೊಂಡರು. ಮಾವನವರು ಮರದ ತೊಲೆಯಂತೆ ನಿಂತಿದ್ದು, ಬಿಡುಗಡೆಯಾದ ಮೇಲೆ ಹೊಲಿಗೆಗಳನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಅಧ್ಯಕ್ಷರು ಬಹಳ ಹೊತ್ತು ಮಾತಾಡಿದರು. ಎರಡೂ ಭಾಷೆ ಬಲ್ಲ, ದುಭಾಷಿಯಾಗಿ ಬಂದಿದ್ದ ಅಲ್ಲಿಯ ಶಾಲೆಯೊಂದರ ಟೀಚರಮ್ಮ, “ಸ್ವಾಗತ ಅಂತಿದ್ದಾರೆ” ಎಂದಳು.

“ಅಷ್ಟುದ್ದ ಮಾತಿಗೆ ಇಷ್ಟೇನಾ? ಮಿಕ್ಕಿದ್ದೆಲ್ಲಿ ಹೋಯ್ತು?”

“ಮಿಕ್ಕಿದ್ದು ನಿಮ್ಮ ಹೊಗಳಿಕೆ. ಬೇಕಿದ್ರೆ ಹೇಳ್ತೀನಿ.”

“ಬೇಡ,” ಎಂದರು ಮಾವನವರು. ಆದರೆ ಅವಳ ಕಡೆ ಎರಡನೆಯ ಸಲ ನೋಡಿದರು.

ಅತಿಥಿಕೋಣೆಯಲ್ಲಿ ಇಸ್ತ್ರಿಯ ಮಡಿಕೆ ಇನ್ನೂ ಮುರಿಯದ ಹೊಸ ಹೊದಿಕೆ, ಹೊಸ ಟವೆಲ್ಲು, ಹೊಸ ಸಾಬೂನು. ಅಳಿಯನಿಗೆ ಮನಸ್ಸು ತುಂಬಿ ಬಂತು. “ನಮಗೋಸ್ಕರ ಎಷ್ಟು ಖರ್ಚು ಮಾಡಿದ್ದಾರೆ, ನೋಡಿ ಮಾವ,” ಎಂದ. ಮಾವನವರು ಸಾಬೂನನ್ನು ಮೂಗಿಗೆ ಹಿಡಿದು, “ಅದೇ ನಾನೂ ನೋಡ್ತಿರೋದು. ಯಾಕೆ?” ಎಂದರು. ಮರುದಿನ ಬೆಳಿಗ್ಗೆ ಅಧ್ಯಕ್ಷರು ಆಲಯದ ಇತಿಹಾಸವನ್ನು ವಿವರಿಸುತ್ತಿರುವಾಗ ಇವರು ಟೀಚರಮ್ಮನನ್ನು ಕರೆದುಕೊಂಡು ಪಕ್ಕದ ಬ್ರೆಡ್ಡಿನ ಅಂಗಡಿಗೆ ಹೋದರು. ಅಂಗಡಿಯನ್ನು ಅಳೆಯಬೇಕಾದರೆ ಮೊದಲು ನೆರೆಯವರನ್ನು ಕೇಳಬೇಕೆಂಬುದು ಇಲಾಖೆಯಲ್ಲಿ ಕಲಿತ ಪಾಠ. ಆ ಸಭೆಗೆ ಸೇರದ ಅಂಗಡಿಯವಳು ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ಒಳ್ಳೇ ಜನ. ಹಾಡೂ ಚೆನ್ನಾಗಿ ಹಾಡ್ತಾರೆ. ಆದ್ರೆ ನಮ್ಮ ಬಾಗಿಲಿಗೆ ಅಡ್ಡ ಸೈಕಲ್ ನಿಲ್ಲಿಸಬೇಡಿ ಅಂದ್ರೆ ಕೇಳಲ್ಲ,” ಎಂದಳು. ಭಾನುವಾರ ಮಾವನವರು ಎಲ್ಲರಿಗಿಂತ ಮೊದಲು ಹೋಗಿ ಎದುರಿನ ಕಟ್ಟೆಯ ಮೇಲೆ ಕೂತರು. ಸೈಕಲ್ಲುಗಳು ಒಂದೊಂದಾಗಿ ಬಂದು ಅಂಗಡಿಯ ಬಾಗಿಲಿಗೇ ಒರಗಿದವು. ಆ ಕಡೆ ಅಳಿಯನಿಗೆ ಬೆರಳು ಮಾಡಿ ತೋರಿಸಿದರು. ಇಷ್ಟು ದೂರ ಬಂದ ಮೇಲೆ ಸಂಬಂಧ ಸೈಕಲ್ಲಿನ ಕಾರಣಕ್ಕೆ ಮುರಿದುಬೀಳುತ್ತದೆಂದು ಅಳಿಯನಿಗೆ ದಿಗಿಲಾಯಿತು.

ಅಂದು ಕರ್ತನ ಭೋಜನವಿತ್ತು. ಮುಂಬೆಂಚಿನಲ್ಲಿ ಕೂರಿಸಿದ್ದ ಅತಿಥಿಗಳ ಬಳಿಗೆ ಅಧ್ಯಕ್ಷರು ಬಂದು, ನೀವಿಬ್ಬರೂ ನಮ್ಮೊಡನೆ ಮೇಜಿಗೆ ಬನ್ನಿ, ಇದರಲ್ಲಿ ಕೇಳುವುದೇನಿದೆ ಎಂದು ಆರ್ದ್ರವಾಗಿ ಆಹ್ವಾನಿಸಿದರು. ಮಾವನವರ ಮುಖ ಗಂಟಿಕ್ಕಿತು. “ನಾವು ಯಾರು, ಎಂಥವರು ಅಂತ ಗೊತ್ತೇ ಇಲ್ಲ. ಹಾದಿಯಲ್ಲಿ ಹೋಗೋರನ್ನ ಕರೆದ ಹಾಗೆ ಕರೀತಾರಲ್ಲ, ಇವರ ಮೇಜಿಗೆ ಕಾವಲೇ ಇಲ್ವಾ?” ಎಂದು ಅಳಿಯನ ಕಿವಿಯಲ್ಲಿ ಹೇಳಿದರು. ಅಷ್ಟರಲ್ಲಿ ಹಿಂದಿನಿಂದ ಗಿಡ್ಡನೆಯ ಮುದುಕರೊಬ್ಬರು ಎದ್ದು ಬಂದರು. ಆ ಸಭೆಯ ಹಿರಿಯರಲ್ಲೊಬ್ಬರು. ಕಸುಬು ಛಾವಣಿ ದುರಸ್ತಿ. ಯಾವ ಕೋಣೆಗೆ ಕಾಲಿಟ್ಟರೂ ಮನುಷ್ಯರ ಮುಖಕ್ಕಿಂತ ಮೊದಲು ಮಾಡಿನ ಮೂಲೆಗಳನ್ನು ನೋಡಿ, ಎಲ್ಲಿ ಸೋರುತ್ತದೆಂದು ಹುಡುಕುವ ಕಣ್ಣು. ಅವರು ಅಧ್ಯಕ್ಷರ ಭುಜವನ್ನು ಪಕ್ಕಕ್ಕೆ ಸರಿಸಿ, ಅತಿಥಿಗಳೆದುರು ನಿಂತು ನಾಲ್ಕೇ ಮಾತು ಹೇಳಿದರು. ಟೀಚರಮ್ಮನ ಮುಖ ಕೆಂಪಾಯಿತು.

“ಹೇಳಮ್ಮ.”

“ನಿಮಗೆ ಇವತ್ತು ರೊಟ್ಟಿ ಕೊಡಲ್ಲ ಅಂತಿದ್ದಾರೆ. ನೀವಿನ್ನೂ ಇವರಿಗೆ ಗೊತ್ತಿಲ್ಲವಂತೆ.”

ಅಳಿಯನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಪಕ್ಕಕ್ಕೆ ತಿರುಗಿ ನೋಡಿದರೆ, ಮದುವೆಯ ದಿನವೂ ಸಡಿಲವಾಗದಿದ್ದ ಮಾವನವರ ಹುಬ್ಬು ಸಡಿಲವಾಗಿತ್ತು. ಅವರು ಎದ್ದು ನಿಂತು ಆ ಗಿಡ್ಡ ಮುದುಕರಿಗೆ ತಲೆಬಾಗಿಸಿ, ತಾವಾಗಿಯೇ ಹಿಂದಿನ ಬೆಂಚಿಗೆ ಹೋಗಿ ಕೂತರು. ರೊಟ್ಟಿಯೂ ದ್ರಾಕ್ಷಾರಸವೂ ಸಾಲಿನಿಂದ ಸಾಲಿಗೆ ಹೋಗುವುದನ್ನು, ಹಸಿದವನು ಬೇರೆಯವರ ಊಟವನ್ನು ನೋಡುವಂತೆ, ಕೊನೆಯವರೆಗೂ ನೋಡಿದರು.

ಮರುದಿನ ಸಮಾಲೋಚನೆ. ಉದ್ದನೆಯ ಮೇಜು, ನೀರಿನ ಹೂಜಿ, ಗೋಡೆಗೆ ಹಳೆಯ ಪಾಲಕರ ಚಿತ್ರಗಳು. ಮಾವನವರು ಕೇಳಬೇಕಾದ್ದನ್ನೆಲ್ಲ ಕೇಳಿದರು: ಮಕ್ಕಳಿಗೆ ಬೋಧೆ ಯಾರು ಕೊಡುತ್ತಾರೆ, ತಪ್ಪಿದವರನ್ನು ಯಾರು ತಿದ್ದುತ್ತಾರೆ, ತಿದ್ದುವವರು ತಪ್ಪಿದರೆ ಏನು ಮಾಡುತ್ತೀರಿ. ಅಧ್ಯಕ್ಷರು ಜೇನು ಸವರಿದ ಉತ್ತರಗಳನ್ನು ಕೊಟ್ಟರು. ಕಡೆಗೆ, ಅಲ್ಲಿಯವರೆಗೂ ಮಾಡನ್ನೇ ನೋಡುತ್ತ ಕೂತಿದ್ದ ಛಾವಣಿಯ ಹಿರಿಯರು ಕತ್ತು ಇಳಿಸಿದರು. “ನೀವು ನಮ್ಮನ್ನು ಕೇಳಿದ್ದಾಯಿತು. ನಾನೊಂದು ಕೇಳಬೇಕು. ನಿಮ್ಮ ಸ್ವಂತ ಸಭೆಯಲ್ಲಿ ಸಮಾಧಾನ ಇದೆಯಾ?”

ಅಳಿಯ ಈ ಪ್ರಶ್ನೆಗೆ ಸಿದ್ಧನಾಗಿಯೇ ಬಂದಿದ್ದ. “ದೇವರ ದಯೆಯಿಂದ, ಸಮಾಧಾನ ಇದೆ...” ಎಂದು ಶುರು ಮಾಡಿದ.

“ಅದು ಸುಳ್ಳು,” ಎಂದರು ಮಾವನವರು.

ಟೀಚರಮ್ಮ ಅಳಿಯನ ಮುಖ ನೋಡಿದಳು, ಮಾವನ ಮುಖ ನೋಡಿದಳು. “ಇದನ್ನೂ ಹೇಳಬೇಕಾ?”

“ಒಂದಕ್ಷರ ಬಿಡಬೇಡಮ್ಮ. ನಮ್ಮ ಸಭೆ ಒಡೆದಿದೆ. ಒಡೆದವನು ನಾನು.”

ಆಮೇಲೆ ಅವರು ಹೇಳಿದ್ದು ಅಳಿಯನಿಗೆ ಗೊತ್ತಿದ್ದ ಕಥೆಯೇ. ಆದರೆ ಅವರ ಬಾಯಿಂದ ಅವನು ಅದನ್ನು ಕೇಳಿದ್ದು ಅದೇ ಮೊದಲು. ಅವರ ಹೆಂಡತಿಯ ತಮ್ಮ ಬಡಗಿ. ಸಭೆಯ ಪ್ರಸಂಗಪೀಠವನ್ನು ಕೆತ್ತಿದವನು ಅವನೇ. ಬುಧವಾರ ಸಂಜೆಗಳಲ್ಲಿ ಅವನ ಮನೆಗೆ ಕೆಲವು ಕುಟುಂಬಗಳು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಗುಂಪು ಕಟ್ಟುತ್ತಿದ್ದಾನೆಂದು ಮಾವನವರಿಗೆ ಸಂಶಯ ಬಂತು. ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಯಾರ್ಯಾರು ಒಳಗೆ ಹೋಗುತ್ತಾರೆಂದು ಗುರುತಿಟ್ಟುಕೊಂಡು, ಹಿರಿಯರ ಕೂಟದಲ್ಲಿ ಅವನನ್ನು ಎದ್ದು ನಿಲ್ಲಿಸಿ ಕೇಳಿದರು. ಅವನು ಉತ್ತರ ಕೊಡದೆ ಹೊರಟುಹೋದ. ಆ ಕುಟುಂಬಗಳೂ ಹಿಂದೆಯೇ ಹೋದವು. ಒಳಗೆ ನಡೆಯುತ್ತಿದ್ದದ್ದು ಅವನ ಹೆಂಡತಿಗಾಗಿ ಪ್ರಾರ್ಥನೆ ಎಂದು ಆಮೇಲೆ ತಿಳಿಯಿತು. ವಾಸಿಯಾಗದ ಕಾಯಿಲೆ, ಯಾರಿಗೂ ಹೇಳಬೇಡಿ ಎಂದು ಅವಳೇ ಬೇಡಿಕೊಂಡಿದ್ದಳು. ಅವಳು ತೀರಿಕೊಂಡ ದಿನ ಮಾವನವರು ಸ್ಮಶಾನದ ಗೋಡೆಯ ಹೊರಗೆ ನಿಂತಿದ್ದು ಹಾಗೇ ಹಿಂದಿರುಗಿದ್ದರು.

“ಇಲಾಖೆಯಲ್ಲಿ ನಮ್ಮ ಬಟ್ಟುಗಳನ್ನೂ ವರ್ಷಕ್ಕೊಂದು ಸಲ ಮೇಲಿನವರು ತೂಗಿ ನೋಡೋರು. ಸವೆದಿದ್ರೆ ಕಿತ್ತುಕೊಳ್ಳೋರು,” ಎಂದರು ಮಾವನವರು. “ಸಭೇಲಿ ನನ್ನನ್ನ ತೂಗೋರು ಯಾರೂ ಇರಲಿಲ್ಲ. ಇವರೊಬ್ಬರು ಕೇಳಿದ್ರು.”

ಅಧ್ಯಕ್ಷರು ಕಣ್ಣೊರೆಸಿಕೊಂಡು, ನಾವೆಲ್ಲ ಪಾಪಿಗಳೇ ಅಲ್ಲವೇ ಎಂದು ತೋಳು ಚಾಚುತ್ತ ಎದ್ದರು. ಛಾವಣಿಯ ಹಿರಿಯರು ಅವರ ಅಂಗಿ ಹಿಡಿದು ಕೂರಿಸಿದರು. “ಆ ಬಡಗಿಯ ಮನೆಗೆ ಹೋಗಿದ್ರಾ?”

“ಇಲ್ಲ.”

“ಹೋಗಿ. ಹೋದ ಮೇಲೆ ತಿಳಿಸಿ. ಅಲ್ಲಿವರೆಗೆ ನಾನು ಈ ಸಂಬಂಧಕ್ಕೆ ಕೈ ಎತ್ತಲ್ಲ.”

ತೂಗಲು ಬಂದವರು ತೂಗಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಅಳಿಯ ತಲೆ ತಗ್ಗಿಸಿಕೊಂಡೇ ಕೂತಿದ್ದ. “ನಿಮ್ಮ ಮಾನ ಉಳಿಸೋಣ ಅಂತ ಹಾಗಂದೆ ಮಾವ,” ಎಂದ ಕೊನೆಗೆ. ಮಾವನವರು ಕಿಟಕಿಯಾಚೆ ನೋಡುತ್ತ, “ಇರಬಹುದು,” ಎಂದರು.

ಊರು ಸೇರಿದ ಮೇಲೆ ಬಡಗಿಯ ಕಾರ್ಖಾನೆಗೆ ಅಳಿಯನನ್ನೂ ಕರೆದುಕೊಂಡೇ ಹೋದರು. ಬಡಗಿ ಬಾಗಿಲ ಚೌಕಟ್ಟೊಂದಕ್ಕೆ ಉಜ್ಜುಗೊರಡು ಹಾಯಿಸುತ್ತಿದ್ದ, ಕಂಡೂ ನಿಲ್ಲಿಸಲಿಲ್ಲ. ಮರದ ಸಿಪ್ಪೆ ಸುರುಳಿ ಸುರುಳಿಯಾಗಿ ಮಾವನವರ ಕಾಲ ಮೇಲೆ ಬೀಳುತ್ತಿತ್ತು.

“ಏನು ಪತ್ತೆ ಮಾಡೋಕೆ ಬಂದ್ರಿ ಭಾವ? ಆ ದೇಶದವರು ಹೋಗು ಅಂದ್ರು ಅಂತ ಬಂದ್ರಂತೆ?”

“ಹೌದು.”

“ಅವರು ಹೇಳದಿದ್ರೆ ಬರ್ತಿರಲಿಲ್ಲ?”

“ಬರ್ತಿದ್ದೆ ಅಂದ್ರೆ ನಂಬ್ತೀಯಾ?”

“ಇಲ್ಲ.”

“ಅದಕ್ಕೇ ಹೇಳ್ತಿಲ್ಲ.” ಮಾವನವರು ಇನ್ನೊಂದು ಹೆಜ್ಜೆ ಒಳಗಿಟ್ಟರು. “ಒಳಗೆ ಅವಳಿಗೋಸ್ಕರ ಪ್ರಾರ್ಥನೆ ಮಾಡ್ತಿದ್ರಿ. ನಾನು ಹೊರಗೆ ನಿಂತು ಎಣಿಸ್ತಿದ್ದೆ. ಅದನ್ನ ಹೇಳೋಕೆ ಬಂದೆ.”

ಉಜ್ಜುಗೊರಡು ನಿಂತಿತು. ಬಡಗಿ ಅದನ್ನು ಮಗ್ಗುಲಾಗಿಸಿಟ್ಟು, ಬಹಳ ಹೊತ್ತು ಅದರ ಅಲಗನ್ನೇ ಬೆರಳಿನಿಂದ ಮುಟ್ಟುತ್ತಿದ್ದ. ಕ್ಷಮಿಸಿದೆ ಎನ್ನಲಿಲ್ಲ. ಕಾಲಿನಿಂದ ಒಂದು ಮಣೆಯನ್ನು ಭಾವನ ಕಡೆಗೆ ತಳ್ಳಿದ, ಅಷ್ಟೆ. ಮಾವನವರು ಕೂತರು. ಬಡಗಿ ಮತ್ತೆ ಕೆಲಸ ಹಿಡಿದ. ಮುಂದಿನ ಬುಧವಾರವೂ ಮಾವನವರು ಹೋಗಿ ಅದೇ ಮಣೆಯ ಮೇಲೆ ಕೂತು ಬಂದರು. ಅದರ ಮುಂದಿನ ಬುಧವಾರವೂ.

ಕಡಲಾಚೆಗೆ ಸುದ್ದಿ ತಿಳಿಸಿದ್ದಾಯಿತು. ಛಾವಣಿಯ ಹಿರಿಯರಿಂದ ಬಂದ ಉತ್ತರ: ಹೋಗಿದ್ದೆ ಎಂದು ಹೋದವನೇ ಹೇಳಿದರೆ ಸಾಕೇ? ಅಳಿಯನಿಗೆ ಮೈ ಉರಿದುಹೋಯಿತು. ಮಾವನವರು ಮಾತ್ರ, ಅವರನ್ನು ಬಲ್ಲವರು ಯಾರೂ ಹಿಂದೆ ಕೇಳದ ಒಂದು ಸದ್ದು ಮಾಡಿದರು. ಅದು ನಗು ಎಂದು ಗೊತ್ತಾಗಲು ಮನೆಯವರಿಗೆ ಸ್ವಲ್ಪ ಹೊತ್ತು ಹಿಡಿಯಿತು. “ಮನುಷ್ಯ ಅಂದ್ರೆ ಹೀಗಿರಬೇಕು,” ಎಂದರು. ಕಡೆಗೆ ಬಡಗಿಯೇ ಒಂದು ಕಾರ್ಡು ಬರೆದ: ‘ಬಂದಿದ್ದರು. ಈಗಲೂ ಬರುತ್ತಾರೆ.’ ಆ ವರ್ಷದ ಸಿನೋಡಿನಲ್ಲಿ ಮಾವನವರು ಎದ್ದು ನಿಂತು ಆಡಿದ ಮಾತು ಬಹಳ ಚಿಕ್ಕದು: “ಇವರು ನಮ್ಮನ್ನ ನಂಬಲಿಲ್ಲ. ತಿದ್ದಿದ್ರು. ಇವರು ನಮ್ಮ ಸೋದರರು.” ಎಲ್ಲ ಕೈಗಳೂ ಮೇಲೆದ್ದವು. ಆಚೆಯ ಒಕ್ಕೂಟದಲ್ಲೂ ಕೈಗಳು ಎದ್ದವಂತೆ, ಕೊನೆಯದಾಗಿ ಛಾವಣಿಯ ಹಿರಿಯರದು. ಹೋದ ಕುಟುಂಬಗಳಲ್ಲಿ ಕೆಲವು ಮರಳಿ ಬಂದವು. ಬಡಗಿ ಬರಲಿಲ್ಲ.

ಇಂಥವರೊಡನೆ ಬಾಳುವುದು ಸುಲಭವಲ್ಲ; ಅವರ ನೆಟ್ಟ ನೋಟದ ಎದುರು ನಿರಪರಾಧಿಯೂ ಬೆವರುತ್ತಾನೆ, ಅವರು ಮುರಿದದ್ದರಲ್ಲಿ ಎಷ್ಟೋ ಮತ್ತೆ ಕೂಡುವುದೂ ಇಲ್ಲ. ನಾವೆಲ್ಲ ಚಾಚಿದ ತೋಳುಗಳ ಕಡೆಗೇ ಓಡುವವರು, ಅದು ಸಹಜವೂ ಹೌದು. ಆದರೆ ತೋಳು ಚಾಚಿದವರು ಅಪ್ಪಿಕೊಳ್ಳುವುದು ತಾವು ಊಹಿಸಿಕೊಂಡ ನಮ್ಮನ್ನು. ನಿಜ ತಿಳಿದ ದಿನ ಅವರ ತೋಳು ಸಡಿಲಬಹುದೆಂಬ ಭಯ ಆ ಬಿಸಿಯೊಳಗೂ ನಮ್ಮನ್ನು ಬಿಡುವುದಿಲ್ಲ. ಸಂಶಯದ ಮನುಷ್ಯ ಬಹಳ ತಡವಾಗಿ, ಗೊಣಗುತ್ತ, ಒಂದೇ ಒಂದು ಕೈ ಮುಂದೆ ಮಾಡುತ್ತಾನೆ. ಅಷ್ಟು ಹೊತ್ತಿಗೆ ಅವನಿಗೆ ಗೊತ್ತಿಲ್ಲದ ತಪ್ಪು ನಮ್ಮಲ್ಲಿ ಒಂದೂ ಉಳಿದಿರುವುದಿಲ್ಲ.