ಗಾಜಿನೊಳಗಿನ ಕನ್ನೋನ್

ಪುಟ್ಟ ಮಿಯೊಳನ್ನು ಬೀವಾ ಸರೋವರ ನುಂಗಿದ ಮೇಲೆ, ಅವಳ ತಾಯಿ ಶಿಗೆನೊಗೆ ಮಾತಿಗೆಂದು ಉಳಿದವಳು ಗುಡಿಯಲ್ಲಿ ಮರದ ವಿಗ್ರಹವಾಗಿ ನಿಂತ ಕರುಣೆಯ ದೇವಿ ಕನ್ನೋನ್ ಒಬ್ಬಳೇ. ಬೆಳಗಾದರೆ ಹೋಗುವುದು, ದೇವಿಯ ಬಲಪಾದ ಸವರುವುದು, ಕೂಸಿಗೆ ನೀರಿನಲ್ಲಿ ಚಳಿಯಾಗದ ಹಾಗೆ ನೋಡಿಕೊಳ್ಳೇ ತಾಯಿ ಎನ್ನುವುದು. ಸವರಿ ಸವರಿ ಆ ಪಾದದ ಬೆರಳುಗಳು ಹೊಳೆಯ ಕಲ್ಲಿನಂತೆ ನುಣುಪಾದವು. ಇವಳ ತಲೆಯೂ ಬೆಳ್ಳಗಾಯಿತು.

ಈಗ ಗುಡಿಯ ಅಂಗಳದಲ್ಲಿ, ಮುದಿ ದೇವದಾರುಗಳ ನಡುವೆ, ವಸ್ತುಸಂಗ್ರಹಾಲಯ ಎದ್ದಿತ್ತು. ಎದ್ದಿತ್ತು ಎನ್ನುವುದೂ ತಪ್ಪು. ಹಳೆಯ ಗುಡಿಯ ಮಾಡಿಗಿಂತ ಎತ್ತರವಾಗಬಾರದೆಂದು ಅದನ್ನು ನೆಲದೊಳಕ್ಕೇ ಇಳಿಸಿದ್ದರು. ಬೋಳು ಕಾಂಕ್ರೀಟು, ಮೇಲಿನ ಸೀಳಿನಿಂದ ಇಳಿಯುವ ಒಂದೇ ಎಳೆ ಬಿಸಿಲು. ಬಾಯಿ ತೆರೆದು ಮಲಗಿದ ರಕ್ಕಸನ ಹಾಗೆ ಕಾಣುತ್ತಿತ್ತು ಶಿಗೆನೊಗೆ. ದೇವಿ ಆ ಬಾಯೊಳಗೆ ಹೋಗುವವಳಿದ್ದಳು.

ವಿಗ್ರಹವನ್ನು ಕದಲಿಸುವ ಮುಂಚೆ ಮಂತ್ರ ಹೇಳಿ ಅದರ ಜೀವ ತೆಗೆಯುತ್ತಾರೆ. ಮತ್ತೆ ಕೂರಿಸಿದಾಗ ತುಂಬುತ್ತಾರೆ. ಧೂಪವಿಲ್ಲದ, ನೀರಿಲ್ಲದ ಗಾಜಿನ ಪೆಟ್ಟಿಗೆಯೊಳಗೆ ಯಾವ ಜೀವ ನಿಂತೀತು? ಶಿಗೆನೊ ಮಿಯೊಳ ಮರದ ಬೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಗುಡಿಯ ಗುರು ಎಂಕಾಯ್ ಬಳಿ ಹೋದಳು. ದೇವಿಯಿಂದ ತೆಗೆದ ಜೀವವನ್ನು ಇದಕ್ಕೆ ತುಂಬಿಕೊಡಿ ಎಂದು ಹಣೆಯನ್ನು ಚಾಪೆಗೆ ಹಚ್ಚಿದಳು.

ಎಂಕಾಯ್ ಚಹಾ ಹೀರುತ್ತಿದ್ದ.

"ತೆಗೆಯೋಕೆ ಏನಿದೆ ಶಿಗೆನೊ ಅಮ್ಮ? ರಿಪೇರಿಗೆ ಕ್ಯೋಟೊಗೆ ಕಳಿಸಿದಾಗಲೇ, ಆಗ ಇಲ್ಲಿ ಗುರುಗಳಾಗಿದ್ದ ನಮ್ಮಪ್ಪ ತೆಗೆದಿದ್ರು. ವಿಗ್ರಹ ವಾಪಸ್ ಬರೋದ್ರೊಳಗೆ ಅವರೇ ಹೋಗ್ಬಿಟ್ರು. ತುಂಬಿಸೋದು ಹಾಗೇ ಉಳೀತು."

ಆ ರಿಪೇರಿ ಆದದ್ದು ಮಿಯೊ ಮುಳುಗುವುದಕ್ಕೂ ಮುಂಚೆ.

"ಹಂಗಾದ್ರೆ ನಾನು ಇಷ್ಟು ಕಾಲ ಯಾರ ಹತ್ರ ಮಾತಾಡ್ತಿದ್ದೆ ಗುರುಗಳೇ?"

"ಮರದ ಹತ್ರ." ಲೋಟ ಕೆಳಗಿಟ್ಟ. "ಒಳ್ಳೇ ಮರ, ಅದಕ್ಕೇನೂ ಮೋಸ ಇಲ್ಲ. ದಿನಾ ಬರೋರು ಒಬ್ಬರಿದ್ರೆ ಗುಡಿಗೂ ಲಕ್ಷಣ ಅಂತ ನಾನೂ ಸುಮ್ಮನಿದ್ದೆ."

ಸಂಗ್ರಹಾಲಯ ತೆರೆದ ದಿನ ಬಿಸಿಲಿನ ಎಳೆ ನೇರ ಆ ಪಾದದ ಮೇಲೇ ಬಿದ್ದಿತ್ತು. ಭಕ್ತರ ಕೈ ಸವೆಸಿದ ಚೆಲುವು ನೋಡಿ ಎಂದು ಬಂದವರಿಗೆಲ್ಲ ವಿವರಿಸುವ ಹುಡುಗಿ ಹೇಳುತ್ತಿದ್ದಳು. ಶಿಗೆನೊ ಅರಿಯದೆ ಕೈ ಚಾಚಿದಳು. ಗೆರೆಯಿಂದ ಹಿಂದೆ ನಿಲ್ಲಿ ಅಜ್ಜಿ ಎಂದ ಕಾವಲಿನವನು.

ಪಕ್ಕದಲ್ಲಿ ಎಳೆ ಪ್ರಾಯದ ತಾಯಿಯೊಬ್ಬಳು, ಬೆನ್ನಿಗೆ ಕಟ್ಟಿಕೊಂಡ ಕೂಸು ಬಿಳಿಚಿ ಜೋತುಬಿದ್ದಿರಲು, ಗಾಜಿನೆದುರು ಕೈಮುಗಿದು ಏನೋ ಬೇಡುತ್ತಿದ್ದಳು. ಶಿಗೆನೊ ಅವಳ ಕಿವಿಗೆ ಬಾಗಿದಳು.

"ಯಾರನ್ನ ಕೇಳ್ತಿದ್ದೀಯ ಮಗಳೇ? ಒಳಗೆ ಯಾರೂ ಇಲ್ಲ."

ಆ ತಾಯಿಯ ಮುಗಿದ ಕೈಗಳು ಮೆಲ್ಲಗೆ ಬಿಟ್ಟುಕೊಂಡವು. ಅದನ್ನು ಪೂರ್ತಿ ನೋಡಿಯೇ ಶಿಗೆನೊ ಮೆಟ್ಟಿಲ ಕಡೆ ತಿರುಗಿದಳು. ಎಷ್ಟೋ ಕಾಲದ ಮೇಲೆ ಅವಳ ಹೆಜ್ಜೆ ಹಗುರಾಗಿತ್ತು.